ಕಪ್ಪೆಗೆ ಮೊದಲು ಚಿಮ್ಮಂಡೆ

ಹಸಿದ ಕಪ್ಪೆಯ ಮುಂದೆ ಸತ್ತ ನೊಣಗಳ ರಾಶಿಯನ್ನೇ ಸುರಿದರೂ ಅದು ತಿರುಗಿ ನೋಡುವುದಿಲ್ಲ. ಅಲುಗಾಡಿದ್ದು ಮಾತ್ರ ಅದಕ್ಕೆ ಆಹಾರ. 1959ರಲ್ಲಿ ಅಮೆರಿಕದ ಎಂಐಟಿಯಲ್ಲಿ ಜೆರೋಮ್ ಲೆಟ್‌ವಿನ್ ಮತ್ತು ಸಂಗಡಿಗರು ಕಪ್ಪೆಯ ಕಣ್ಣಿನ ನರಗಳನ್ನು ಪರೀಕ್ಷಿಸಿದಾಗ ಇದರ ಕಾರಣ ತಿಳಿಯಿತು. ಸಣ್ಣದಾಗಿ, ಕಪ್ಪಗೆ, ಚಲಿಸುತ್ತ ಇರುವ ವಸ್ತುವಿಗೆ ಮಾತ್ರ ಮಿಡಿಯುವ ನರತಂತುಗಳು ಕಪ್ಪೆಯ ಕಣ್ಣಿನಲ್ಲೇ ಇವೆ. ಮಿದುಳು ಯೋಚಿಸುವ ಮೊದಲೇ ಕಣ್ಣು ಹುಳುವನ್ನು ಆರಿಸಿಟ್ಟಿರುತ್ತದೆ. ಕೆಲವು ಕಪ್ಪೆಗಳಿಗೆ ಚಿಮಟದಲ್ಲಿ ತುಂಡು ಹಿಡಿದು ಅಲ್ಲಾಡಿಸಿ ತಿನ್ನಿಸುವ ಅಭ್ಯಾಸ ಮಾಡಿಸಬಹುದು. ಆದರೆ ಬಹುಪಾಲು ಕಪ್ಪೆಗಳಿಗೆ ಬದುಕಿನುದ್ದಕ್ಕೂ ಜೀವಂತ ಹುಳುವೇ ಬೇಕು. ಹಾಗಾಗಿ ಕಪ್ಪೆ ಸಾಕುತ್ತೇನೆ ಎಂದು ಹೊರಟವರು ನಿಜದಲ್ಲಿ ಎರಡು ಪ್ರಾಣಿಗಳನ್ನು ಸಾಕಬೇಕಾಗುತ್ತದೆ. ಎರಡನೆಯದು ಚಿಮ್ಮಂಡೆ.

ಸಂಜೆಯಾದ ಮೇಲೆ ಬಚ್ಚಲ ಮೂಲೆಯಲ್ಲಿ, ಸೌದೆ ಕೊಟ್ಟಿಗೆಯಲ್ಲಿ, ಅಡುಗೆಮನೆಯ ಅಟ್ಟದಡಿಯಲ್ಲಿ ಕಿರ್ ಕಿರ್ ಎನ್ನುವ, ಹಿಂಗಾಲು ಉದ್ದವಿರುವ ಹುಳು ಇದು. ಮಾರುವವರು ಇದನ್ನು ಕ್ರಿಕೆಟ್ ಎನ್ನುತ್ತಾರೆ. ಬೇಸಿಗೆಯ ಮಧ್ಯಾಹ್ನ ಮರದ ಮೇಲಿಂದ ಕಿವಿಗಡಚಿಕ್ಕುವ ಜೀರುಂಡೆಯ ಕುಲವೇ ಬೇರೆ, ಅದನ್ನು ಮನೆಯಲ್ಲಿ ಸಾಕಲು ಬರುವುದಿಲ್ಲ. ದುಬೈ, ಬೆಂಗಳೂರಿನಂಥ ಊರುಗಳಲ್ಲಿ ಸಾಕುಪ್ರಾಣಿ ಮಳಿಗೆಗೆ ಹೋದರೆ ಜೀವಂತ ಚಿಮ್ಮಂಡೆಯ ಡಬ್ಬಿ ಸಿಕ್ಕೀತು. ಭಟ್ಕಳ, ಹೊನ್ನಾವರ, ಕುಮಟಾದ ಪೇಟೆಯಲ್ಲಿ ಅದನ್ನು ನಂಬಿ ಕೂರುವಂತಿಲ್ಲ. ತರಿಸಿಕೊಂಡ ಪೊಟ್ಟಣ ಘಟ್ಟ ಇಳಿದು ಬರುವಷ್ಟರಲ್ಲಿ ಬಿಸಿಲಿಗೋ ಬಿಗಿಗೋ ಸಿಕ್ಕರೆ ಒಳಗಿನದು ಸತ್ತು ನಾರುತ್ತಿರುತ್ತದೆ. ಕಪ್ಪೆಯ ಹಸಿವು ಕೊರಿಯರ್‌ನವರಿಗಾಗಿ ಕಾಯುವುದಿಲ್ಲ. ಇಲ್ಲಿರುವವರಿಗೆ ಮನೆಯಲ್ಲೇ ಚಿಮ್ಮಂಡೆ ಬೆಳೆಸುವುದೊಂದೇ ದಾರಿ, ಮತ್ತು ಈ ಕರಾವಳಿಯ ಹವೆ ಅದಕ್ಕೆ ಹೇಳಿ ಮಾಡಿಸಿದಂತಿದೆ.

ಹುಳುವಿನ ವಿಷಯಕ್ಕೆ ಹೋಗುವ ಮೊದಲು ಕಪ್ಪೆ ಯಾವುದು ಎಂಬುದನ್ನು ಸ್ಪಷ್ಟ ಮಾಡಿಕೊಳ್ಳಬೇಕು. ಮೊದಲ ಮಳೆಗೆ ಗದ್ದೆಯಲ್ಲಿ ಹಳದಿ ಮೈ, ನೀಲಿ ಗಂಟಲಚೀಲ ಉಬ್ಬಿಸಿ ವಟಗುಟ್ಟುವ ದೊಡ್ಡ ಗೂಳಿಗಪ್ಪೆಯನ್ನು ಹಿಡಿದು ತಂದು ಗಾಜಿನ ಪೆಟ್ಟಿಗೆಗೆ ಹಾಕುವ ಮಾತು ಇಲ್ಲಿಲ್ಲ. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವ ಪ್ರಾಣಿ. ಸಾಕುವ ಹವ್ಯಾಸದಲ್ಲಿರುವವು ಬಂಧನದಲ್ಲೇ ಹುಟ್ಟಿದ ವಿದೇಶಿ ಕಪ್ಪೆಗಳು: ದಕ್ಷಿಣ ಅಮೆರಿಕ ಮೂಲದ, ಪ್ಯಾಕ್‌ಮನ್ ಎಂಬ ಅಡ್ಡಹೆಸರಿನ ದೊಡ್ಡಬಾಯಿಯ ಕಪ್ಪೆ, ಆಸ್ಟ್ರೇಲಿಯಾದ ವೈಟ್ಸ್ ಮರಗಪ್ಪೆ, ಕೆಂಪುಕಣ್ಣಿನ ಮರಗಪ್ಪೆ ಮುಂತಾದವು. ಇವುಗಳಲ್ಲೂ ಕೆಂಪುಕಣ್ಣಿನ ಮರಗಪ್ಪೆ, ಮಡಗಾಸ್ಕರದ ಟೊಮೆಟೊ ಕಪ್ಪೆ, ದಕ್ಷಿಣ ಅಮೆರಿಕದ ವಿಷಗಪ್ಪೆಗಳು ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿವೆ. ವನ್ಯಜೀವಿ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ ಮತ್ತು 2024ರ ಫೆಬ್ರವರಿಯಲ್ಲಿ ಹೊರಬಂದ ನಿಯಮಗಳ ಪ್ರಕಾರ ಇಂಥವನ್ನು ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಜಾಲತಾಣದಲ್ಲಿ ನೋಂದಾಯಿಸಬೇಕು. ಮರಿ ಹುಟ್ಟಿದರೂ ಸತ್ತರೂ ಕೈಬದಲಾದರೂ ತಿಳಿಸಬೇಕು. ದಾಖಲೆ ಇಲ್ಲದೆ ಮಾರುವವರಿಂದ ಕಪ್ಪೆ ಕೊಳ್ಳಬಾರದು.

ಅಡುಗೆಮನೆಯಿಂದ ಅಮೆರಿಕಕ್ಕೆ

ಜಗತ್ತಿನಲ್ಲಿ ಹೆಚ್ಚಾಗಿ ಸಾಕುತ್ತಿದ್ದ ಜಾತಿ ಅಕೀಟಾ ಡೊಮೆಸ್ಟಿಕಸ್, ಕಂದುಬಣ್ಣದ ಮನೆ ಚಿಮ್ಮಂಡೆ. ಇದಕ್ಕೆ ತಗಲುವ ಡೆನ್ಸೊವೈರಸ್ ಎಂಬ ಸೋಂಕನ್ನು 1970ರ ದಶಕದಲ್ಲೇ ಯುರೋಪಿನಲ್ಲಿ ಗುರುತಿಸಲಾಗಿತ್ತು. 2009–10ರ ಹೊತ್ತಿಗೆ ಅದು ಅಮೆರಿಕದ ಚಿಮ್ಮಂಡೆ ಫಾರ್ಮುಗಳಿಗೆ ನುಗ್ಗಿತು. ಬೆಳೆದ ಹುಳುಗಳು ಬೆನ್ನಡಿಯಾಗಿ ಬಿದ್ದು ಕಾಲಾಡಿಸಿ ಸಾಯುತ್ತಿದ್ದವು. ಹಲವು ಫಾರ್ಮುಗಳು ಮುಚ್ಚಿದವು. ಉಳಿದವರು ಈ ಸೋಂಕಿಗೆ ಬಗ್ಗದ ಬೇರೆ ಜಾತಿ ಹುಡುಕಿದಾಗ ಕೈಹಿಡಿದವುಗಳಲ್ಲಿ ಒಂದು ಗ್ರಿಲ್ಲೋಡಿಸ್ ಸಿಗಿಲ್ಲಾಟಸ್. ಅದು ಏಷ್ಯಾದ ಈ ಭಾಗದಿಂದಲೇ ಹೊರಟು ಉಷ್ಣವಲಯದ ಉದ್ದಗಲ ಹರಡಿದ ಹುಳು, ನಮ್ಮ ಹಳೆಯ ಮನೆಗಳ ಅಡುಗೆಮನೆ ಬಚ್ಚಲುಗಳ ನಿತ್ಯದ ಅತಿಥಿ. ನಾವು ಕಸಬರಿಗೆ ಹಿಡಿದು ಓಡಿಸುವ ಹುಳುವೇ ಅಲ್ಲಿ ಹಲ್ಲಿ, ಓತಿ, ಕಪ್ಪೆ ಸಾಕುವವರಿಗೆ ಡಬ್ಬಿಯಲ್ಲಿ ಮಾರಾಟವಾಗುತ್ತಿದೆ.

ಇದನ್ನು ಗುರುತಿಸುವುದು ಸುಲಭ. ಹುಲ್ಲಿನ ಬಣ್ಣದ ಚಪ್ಪಟೆ ಮೈ, ಅಡ್ಡಕ್ಕೆ ಗಾಢ ಪಟ್ಟಿಗಳು. ಗಂಡಿಗೆ ಅರ್ಧ ಬೆನ್ನು ಮುಚ್ಚುವ ಗಿಡ್ಡ ರೆಕ್ಕೆ, ಹೆಣ್ಣಿಗೆ ರೆಕ್ಕೆ ಇಲ್ಲವೆಂದೇ ಹೇಳಬೇಕು. ಹೆಣ್ಣಿನ ಹಿಂತುದಿಯಲ್ಲಿ ಸೂಜಿಯಷ್ಟು ತೆಳ್ಳಗಿನ ಮೊಟ್ಟೆನಳಿಕೆ ಚಾಚಿಕೊಂಡಿರುತ್ತದೆ. ಹೊಲಗದ್ದೆಯ ಬದಿಯಲ್ಲಿ ಸಿಗುವ ಮತ್ತೊಂದು ಜಾತಿ ಗ್ರಿಲ್ಲಸ್ ಬೈಮ್ಯಾಕ್ಯುಲೇಟಸ್. ಇದು ದೊಡ್ಡದು, ಕಡುಗಪ್ಪು, ರೆಕ್ಕೆಯ ಬುಡದಲ್ಲಿ ಎರಡು ಹಳದಿ ಚುಕ್ಕೆ. ಇದಕ್ಕೂ ಆ ಸೋಂಕಿನ ಭಯ ಕಡಿಮೆ, ಆದರೆ ಸ್ವಭಾವ ಜಗಳಗಂಟಿಯದು. ತಮ್ಮತಮ್ಮಲ್ಲೇ ಕಚ್ಚಾಡಿ ತಿನ್ನುತ್ತವೆ. ಸಣ್ಣ ಮರಗಪ್ಪೆಗೆ ಮೊದಲನೆಯದು, ದೊಡ್ಡಬಾಯಿಯ ನೆಲಗಪ್ಪೆಗೆ ಎರಡನೆಯದು ಸರಿ. ಎರಡೂ ಈ ನೆಲದವೇ. ಡಬ್ಬಿಯಿಂದ ಒಂದೆರಡು ತಪ್ಪಿಸಿಕೊಂಡರೂ ಊರಿಗೆ ಹೊಸ ಪೀಡೆ ತಂದ ಪಾಪ ಬರುವುದಿಲ್ಲ. ಹೊರಗಿನ ತಳಿಗಾಗಿ ಹಣ ಕಳಿಸುವುದನ್ನು ಈ ಒಂದು ಕಾರಣಕ್ಕಾದರೂ ಬಿಡಬೇಕು.

ಬೀಜದ ಹುಳುಗಳನ್ನು ಮನೆಯಲ್ಲೇ ಹಿಡಿಯಬಹುದು. ಅಗಲ ಬಾಯಿಯ ಬಾಟಲಿಯ ತಳಕ್ಕೆ ಬ್ರೆಡ್ ಚೂರು, ಚಿಟಿಕೆ ಬೆಲ್ಲ ಹಾಕಿ ರಾತ್ರಿ ಬಚ್ಚಲ ಗೋಡೆಗೆ ಒರಗಿಸಿಟ್ಟರೆ ಸಾಕು. ಆದರೆ ಹೀಗೆ ಹಿಡಿದದ್ದನ್ನು ನೇರವಾಗಿ ಕಪ್ಪೆಗೆ ಕೊಡಬಾರದು. ಅವು ಜಿರಳೆ ಔಷಧ ಮೆದ್ದಿರಬಹುದು, ಹೊಟ್ಟೆಯಲ್ಲಿ ದಾರದಂಥ ಪರೋಪಜೀವಿ ಹುಳು ಹೊತ್ತಿರಬಹುದು. ಅವುಗಳಿಂದ ಮೊಟ್ಟೆ ಮಾತ್ರ ಪಡೆಯಿರಿ. ಡಬ್ಬಿಯಲ್ಲಿ ಹುಟ್ಟಿ ಡಬ್ಬಿಯಲ್ಲೇ ಬೆಳೆದ ಪೀಳಿಗೆ ಕಪ್ಪೆಗೆ ಸಲ್ಲಲಿ.

ಡಬ್ಬಿ, ಮಳೆ, ಇರುವೆ

ಸಾಕುವ ಮನೆ ಎಂದರೆ ನುಣುಪು ಗೋಡೆಯ 40–50 ಲೀಟರಿನ ಪ್ಲಾಸ್ಟಿಕ್ ಡಬ್ಬಿ. ಮುಚ್ಚಳದ ನಡುವೆ ಅಂಗೈ ಅಗಲಕ್ಕಿಂತ ದೊಡ್ಡ ಕಿಂಡಿ ಕೊಯ್ದು ಲೋಹದ ಸಣ್ಣ ಜಾಲರಿ ಅಂಟಿಸಬೇಕು. ಪ್ಲಾಸ್ಟಿಕ್ ಸೊಳ್ಳೆಪರದೆಯನ್ನು ಚಿಮ್ಮಂಡೆಗಳು ಕಡಿದು ತೂತು ಮಾಡುತ್ತವೆ. ಅಡುಗೆಮನೆಯ ಜಾತಿ ಚುರುಕು, ಒರಟು ಗೋಡೆಯನ್ನು ಏರಿಬಿಡುತ್ತದೆ. ಅದಕ್ಕಾಗಿ ಡಬ್ಬಿಯ ಒಳಗೋಡೆಯ ಮೇಲಂಚಿನ ಸುತ್ತ ಪ್ಯಾಕಿಂಗ್ ಟೇಪು ಅಂಟಿಸಿದರೆ ಕಾಲು ಜಾರುತ್ತದೆ. ಒಳಗೆ ಮೊಟ್ಟೆ ತಟ್ಟೆಗಳು, ಕೋಳಿಮೊಟ್ಟೆ ಅಂಗಡಿಯಲ್ಲಿ ಪುಕ್ಕಟೆ ಸಿಗುವ ರಟ್ಟಿನವು. ಅವನ್ನು ಮಲಗಿಸದೆ ನೆಟ್ಟಗೆ ನಿಲ್ಲಿಸಬೇಕು. ಆಗ ಹಿಕ್ಕೆ ಕೆಳಗುದುರುತ್ತದೆ, ಸಾವಿರ ಹುಳುವಿಗೂ ಅಡಗುತಾಣ ಸಿಗುತ್ತದೆ. ತಳಕ್ಕೆ ಮಣ್ಣು, ಹೊಟ್ಟು ಏನೂ ಬೇಡ. ಬರಿ ತಳವಿದ್ದರೆ ವಾರಕ್ಕೊಮ್ಮೆ ಗುಡಿಸಿ ತೆಗೆಯಬಹುದು.

ಚಿಮ್ಮಂಡೆ ಚೆನ್ನಾಗಿ ಬೆಳೆಯುವುದು 28ರಿಂದ 32 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ. ಚಳಿದೇಶಗಳಲ್ಲಿ ಇದಕ್ಕಾಗಿ ಬಲ್ಬು, ಬಿಸಿಹಾಸು ಇಟ್ಟು ಕರೆಂಟು ಸುಡುತ್ತಾರೆ. ನಮ್ಮ ಮೂರೂ ತಾಲ್ಲೂಕುಗಳ ಕಡಲಂಚಿನಲ್ಲಿ ವರ್ಷದ ಬಹುಪಾಲು ದಿನ ಹೆಂಚಿನ ಮನೆಯೊಳಗಿನ ಹವೆಯೇ ಅಷ್ಟಿರುತ್ತದೆ. ಡಿಸೆಂಬರ್–ಜನವರಿಯ ನಸುಕಿನಲ್ಲಿ ಸ್ವಲ್ಪ ಇಳಿದಾಗ ಬೆಳವಣಿಗೆ ನಿಧಾನವಾದೀತು, ನಿಲ್ಲುವುದಿಲ್ಲ.

ಇಲ್ಲಿಯ ಕಷ್ಟ ಶಾಖದ್ದಲ್ಲ, ತೇವದ್ದು. ಹೊನ್ನಾವರದ ಹವಾಮಾನ ಕೇಂದ್ರದಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಅಳತೆಗೆ ಸಿಗುತ್ತದೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಜುಲೈಯಲ್ಲಿ ಬಟ್ಟೆ ಒಣಗುವುದಿಲ್ಲ, ಚಪ್ಪಲಿಗೆ ಬೂಷ್ಟು ಬರುತ್ತದೆ, ಹಪ್ಪಳ ಮೆತ್ತಗಾಗುತ್ತದೆ. ಚಿಮ್ಮಂಡೆಯ ಡಬ್ಬಿಯಲ್ಲೂ ಇದೇ ಆಗುತ್ತದೆ. ರಟ್ಟು ನೀರು ಹೀರಿ ಕುಸಿಯುತ್ತದೆ, ಹಿಟ್ಟಿಗೆ ಬೂಷ್ಟು ಹಿಡಿಯುತ್ತದೆ, ಸೂಜಿಮೊನೆಯಷ್ಟು ಸಣ್ಣ ಬಿಳಿ ನುಸಿಗಳು ಗೋಡೆ ತುಂಬುತ್ತವೆ, ಹಿಕ್ಕೆಯಿಂದ ಅಮೋನಿಯಾ ಎದ್ದು ಮೂಗು ಉರಿಯುತ್ತದೆ. ಒಂದು ವಾರ ಅಲಕ್ಷ್ಯ ಮಾಡಿದರೆ ಇಡೀ ಸಂಸಾರ ಸತ್ತುಬಿದ್ದಿರುತ್ತದೆ. ಪುಸ್ತಕಗಳು ಹೇಳುವ ಎಚ್ಚರಿಕೆಗಳಲ್ಲಿ ಹೆಚ್ಚಿನವು ಒಣಹವೆಯ ನಾಡಿಗೆ ಬರೆದವು. ನಮ್ಮಲ್ಲಿ ಅವನ್ನು ಬುಡಮೇಲು ಮಾಡಿಕೊಳ್ಳಬೇಕು. ಮಳೆಗಾಲದಲ್ಲಿ ಮುಚ್ಚಳದ ಕಿಂಡಿಯ ಜೊತೆಗೆ ಎರಡು ಪಕ್ಕಗಳಲ್ಲೂ ಜಾಲರಿ ಕಿಂಡಿ ಇರಲಿ. ಡಬ್ಬಿಯನ್ನು ಬಚ್ಚಲ ಪಕ್ಕದಿಂದ ಎತ್ತಿ ಒಲೆಯ ಶಾಖ ತಾಗುವ, ಹೊಗೆ ತಾಗದ ಕಡೆ ಇಡಿ. ಹಿಟ್ಟನ್ನು ಒಂದು ದಿನಕ್ಕಾಗುವಷ್ಟು ಮಾತ್ರ ಹಾಕಿ. ಎರಡು ಡಬ್ಬಿಗಳಲ್ಲಿ ಬೇರೆಬೇರೆ ಸಂಸಾರ ಇಟ್ಟುಕೊಂಡರೆ ಒಂದು ಹೋದರೂ ಇನ್ನೊಂದು ಉಳಿಯುತ್ತದೆ.

ಇನ್ನೊಂದು ಶತ್ರು ಇರುವೆ. ಮೊಟ್ಟೆಯೊಡೆದ ಮರಿಗಳ ಡಬ್ಬಿಗೆ ಕೆಂಪಿರುವೆಯ ಸಾಲು ಒಮ್ಮೆ ದಾರಿ ಕಂಡುಕೊಂಡರೆ ಬೆಳಗಾಗುವುದರೊಳಗೆ ಡಬ್ಬಿ ಖಾಲಿ. ಲಕ್ಷ್ಮಣರೇಖೆ, ಸ್ಪ್ರೇ ಯಾವುದನ್ನೂ ಹತ್ತಿರ ತರುವಂತಿಲ್ಲ, ಇರುವೆ ಕೊಲ್ಲುವ ಔಷಧ ಚಿಮ್ಮಂಡೆಯನ್ನೂ ಕೊಲ್ಲುತ್ತದೆ, ಆ ಚಿಮ್ಮಂಡೆಯ ಮೂಲಕ ಕಪ್ಪೆಯನ್ನೂ. ಹಳೆಯ ಮನೆಗಳಲ್ಲಿ ಹಾಲು-ಮೊಸರಿನ ಕಪಾಟಿನ ಕಾಲಡಿ ನೀರಿನ ಬಟ್ಟಲಿಡುತ್ತಿದ್ದರಲ್ಲ, ಅದೇ ಉಪಾಯ ಸಾಕು. ಸ್ಟೂಲಿನ ನಾಲ್ಕು ಕಾಲಿಗೆ ನಾಲ್ಕು ಬಟ್ಟಲು. ನೀರಿಗೆ ಎರಡು ಹನಿ ಸೋಪು ಬಿದ್ದರೆ ಸೊಳ್ಳೆಯೂ ಮೊಟ್ಟೆಯಿಡುವುದಿಲ್ಲ. ಸ್ಟೂಲು ಗೋಡೆಗೆ ತಾಗಿರಬಾರದು.

ಮೊಟ್ಟೆಗೆ ಬೇರೆ ಏರ್ಪಾಡು ಬೇಕು. ನಾಲ್ಕೈದು ಸೆಂಟಿಮೀಟರ್ ಆಳದ ತಟ್ಟೆಯಲ್ಲಿ ತೆಂಗಿನನಾರಿನ ಪುಡಿಯನ್ನು ಒದ್ದೆ ಮಾಡಿ, ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ಹದಕ್ಕೆ ತಂದು ತುಂಬಬೇಕು. ಮೇಲೆ ಜಾಲರಿ ಹಾಸಿದರೆ ಹೆಣ್ಣು ಅದರ ಸಂದಿಯಲ್ಲಿ ನಳಿಕೆ ತೂರಿಸಿ ಮೊಟ್ಟೆ ಇಡುತ್ತದೆ. ಉಳಿದವಕ್ಕೆ ಅಗೆದು ತಿನ್ನಲಾಗುವುದಿಲ್ಲ. ಎರಡು ಮೂರು ದಿನ ಬಿಟ್ಟು ತಟ್ಟೆಯನ್ನು ಬೇರೆ ಡಬ್ಬಿಗೆ ಸಾಗಿಸಿ. ಪುಡಿ ಸರಿಸಿ ನೋಡಿದರೆ ನುಚ್ಚಕ್ಕಿಯಂಥ ಮೊಟ್ಟೆಗಳು ಕಾಣುತ್ತವೆ. 30 ಡಿಗ್ರಿಯ ಆಸುಪಾಸಿನಲ್ಲಿ 10ರಿಂದ 14 ದಿನಕ್ಕೆ ಮರಿಗಳು ಏಳುತ್ತವೆ. ಗುಂಡುಸೂಜಿಯ ತಲೆಯಷ್ಟೂ ಇಲ್ಲದ ಈ ಮರಿಗಳು ನೀರಿನ ಒಂದು ಹನಿಗೆ ಸಿಕ್ಕರೂ ಮುಳುಗಿ ಸಾಯುತ್ತವೆ. ಆದ್ದರಿಂದ ಬಟ್ಟಲಿನಲ್ಲಿ ನೀರು ಯಾವತ್ತೂ ಇಡಬಾರದು. ಹಿಂಡಿದ ಹತ್ತಿ, ಕ್ಯಾರೆಟ್ ಚೂರು, ಸೌತೆಯ ತುಂಡು ಇವೇ ಅವುಗಳ ಬಾವಿ. ಎಂಟೊಂಬತ್ತು ಸಲ ಪೊರೆ ಕಳಚಿ, ಆರರಿಂದ ಎಂಟು ವಾರದಲ್ಲಿ ರೆಕ್ಕೆ ಬಲಿತು ಗಂಡು ಹಾಡತೊಡಗುತ್ತದೆ. ಪೊರೆ ಕಳಚಿದ ಹೊತ್ತಿನಲ್ಲಿ ಮೈ ಬೆಳ್ಳಗೆ, ಮೆತ್ತಗೆ ಇರುತ್ತದೆ. ಡಬ್ಬಿಯಲ್ಲಿ ಪ್ರೋಟೀನ್ ಕೊರತೆ ಇದ್ದರೆ ಒಡಹುಟ್ಟಿದವೇ ಆಗ ಅದನ್ನು ತಿಂದು ಮುಗಿಸುತ್ತವೆ. ಇಪ್ಪತ್ತು ಹೆಣ್ಣು, ಹತ್ತು ಗಂಡು ಇದ್ದರೆ ಒಂದೆರಡು ಕಪ್ಪೆಗಳ ಮನೆಗೆ ಧಾರಾಳ.

ಹುಳುವಿನ ಹೊಟ್ಟೆಯಲ್ಲಿ ಕಪ್ಪೆಯ ಮೂಳೆ

ಈವರೆಗಿನದನ್ನು ಯಾರು ಬೇಕಾದರೂ ಒಂದೆರಡು ತಿಂಗಳಲ್ಲಿ ಕಲಿಯುತ್ತಾರೆ. ಕಪ್ಪೆ ಬದುಕುವುದೋ ನರಳುವುದೋ ತೀರ್ಮಾನವಾಗುವುದು ಮುಂದಿನದರಲ್ಲಿ. ಚಿಮ್ಮಂಡೆಯ ಮೈಯಲ್ಲಿ ಪ್ರೋಟೀನ್ ಸಮೃದ್ಧ, ರಂಜಕವೂ ಸಾಕಷ್ಟು. ಕ್ಯಾಲ್ಸಿಯಂ ಮಾತ್ರ ರಂಜಕದ ಏಳರಲ್ಲಿ ಒಂದು ಪಾಲಿನಷ್ಟೇ. ಕಪ್ಪೆಗೆ ಬೇಕಾದದ್ದು ಇದಕ್ಕೆ ತಿರುವುಮುರುವು: ರಂಜಕಕ್ಕೆ ಸಮ ಅಥವಾ ಅದರ ಎರಡು ಪಟ್ಟು ಕ್ಯಾಲ್ಸಿಯಂ. ಬರಿಯ ಚಿಮ್ಮಂಡೆ ತಿಂದ ಕಪ್ಪೆ ಮೇಲುನೋಟಕ್ಕೆ ದುಂಡಗೆ ಬೆಳೆಯುತ್ತದೆ. ಒಳಗೆ ರಕ್ತ ತನ್ನ ಕೊರತೆಯನ್ನು ಮೂಳೆಯಿಂದ ಕಿತ್ತು ತುಂಬಿಕೊಳ್ಳುತ್ತಿರುತ್ತದೆ. ಕೆಳದವಡೆ ರಬ್ಬರಿನಂತೆ ಬಾಗುತ್ತದೆ, ಬೆನ್ನು ಡೊಂಕಾಗುತ್ತದೆ, ಕಾಲು ಅಗಲಕ್ಕೆ ಚಾಚಿ ನಡುಗುತ್ತದೆ. ಆ ಹಂತಕ್ಕೆ ಬಂದ ಕಪ್ಪೆ ಹುಳು ಕಂಡರೂ ಬಾಯಿ ಮುಚ್ಚಿ ಹಿಡಿಯಲಾರದು. ಹೊಟ್ಟೆ ತುಂಬ ಉಣಿಸಿದವರ ಮನೆಯಲ್ಲೇ ಹೀಗಾಗುತ್ತದೆ ಎಂಬುದು ನೋವಿನ ಸಂಗತಿ.

ಪರಿಹಾರ ಎರಡು ಹೆಜ್ಜೆಯದು. ಮೊದಲನೆಯದು ಹುಳುವಿಗೇ ಉಣಿಸುವುದು. ದಿನನಿತ್ಯದ ಆಹಾರ ಕೋಳಿಮರಿಗೆ ಹಾಕುವ ಸ್ಟಾರ್ಟರ್ ಫೀಡನ್ನು ನುಣ್ಣಗೆ ಪುಡಿ ಮಾಡಿದ್ದು, ಸ್ವಲ್ಪ ತೌಡು, ಪ್ರೋಟೀನಿಗೆ ಒಣ ಶೆಟ್ಲಿಯ ಹುಡಿ. ಉಪ್ಪು ಹಾಕಿ ಒಣಗಿಸಿದ ಮೀನು ಬೇಡ. ಕಪ್ಪೆಗೆ ಕೊಡುವ ಎರಡು ದಿನ ಮೊದಲು ಬೇಕಾದಷ್ಟು ಹುಳುಗಳನ್ನು ಬೇರೆ ಡಬ್ಬಿಗೆ ತೆಗೆದು ಕ್ಯಾಲ್ಸಿಯಂ ಬೆರೆಸಿದ ಹಿಟ್ಟು, ನುಗ್ಗೆಸೊಪ್ಪು, ಸಿಹಿಗುಂಬಳ, ಕ್ಯಾರೆಟ್ ತಿನ್ನಿಸಬೇಕು. ಇದೇ ಹಿಟ್ಟನ್ನು ತಿಂಗಳುಗಟ್ಟಲೆ ಹಾಕಿದರೆ ಚಿಮ್ಮಂಡೆಗಳೇ ಸಾಯುತ್ತವೆ. ಎರಡು ದಿನ ಮಾತ್ರ. ಹಿತ್ತಲಲ್ಲಿ ಧಾರಾಳವಾಗಿ ಬೆಳೆಯುವ ಬಸಳೆ, ಹರಿವೆ ಈ ಕೆಲಸಕ್ಕೆ ಒಗ್ಗುವುದಿಲ್ಲ. ಅವುಗಳಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ.

ಎರಡನೆಯದು ಹುಡಿ ಲೇಪಿಸುವುದು. ತೆಳು ಕವರಿನಲ್ಲಿ ಹುಳುಗಳನ್ನೂ ಚಿಟಿಕೆ ಕ್ಯಾಲ್ಸಿಯಂ ಹುಡಿಯನ್ನೂ ಹಾಕಿ ಮೆಲ್ಲಗೆ ಕುಲುಕಿ ತಕ್ಷಣ ಕಪ್ಪೆಯ ಮುಂದೆ ಬಿಡಬೇಕು. ತಡವಾದರೆ ಚಿಮ್ಮಂಡೆ ಮೈಯನ್ನೆಲ್ಲ ಉಜ್ಜಿ ಶುಚಿ ಮಾಡಿಕೊಂಡುಬಿಡುತ್ತದೆ. ಕ್ಯಾಲ್ಸಿಯಂ ಕಾರ್ಬೊನೇಟಿನ ಜೊತೆ ವಿಟಮಿನ್ ಡಿ3 ಇರುವ, ಉಭಯವಾಸಿಗಳಿಗೆಂದೇ ಮಾಡಿದ ಹುಡಿ ಉತ್ತಮ. ಆದರೆ ಹುಳುವಿಗೆ ತಿನ್ನಿಸುವ ಕ್ಯಾಲ್ಸಿಯಂ ನಮ್ಮ ದಡದಲ್ಲೇ ಬಿದ್ದಿದೆ. ಹೊನ್ನಾವರದ ಕಾಸರಕೋಡಿನಲ್ಲಿ, ಕುಮಟಾ ತಾಲ್ಲೂಕಿನ ಗೋಕರ್ಣದ ಮರಳಿನಲ್ಲಿ ನಡೆದರೆ ಕಪ್ಪೆಬೊಂಡಾಸಿನ (ಕಟಲ್‌ಫಿಶ್) ದೇಹದೊಳಗಿನ ಬಿಳಿಯ ಹಗುರ ಬಿಲ್ಲೆಗಳು ಕಾಲಿಗೆ ಸಿಗುತ್ತವೆ. ಅವು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟೇ. ನಾಲ್ಕೈದು ದಿನ ನೀರು ಬದಲಿಸುತ್ತ ನೆನೆಸಿ ಉಪ್ಪು ಬಿಡಿಸಿ, ಬಿಸಿಲಿಗೆ ಒಣಗಿಸಿ, ಕೆರೆದು ನುಣ್ಣಗೆ ಜರಡಿ ಹಿಡಿದರೆ ಹಿಟ್ಟಿಗೆ ಬೆರೆಸಲು ತಕ್ಕ ಹುಡಿ ಸಿದ್ಧ. ಅಘನಾಶಿನಿ ಅಳಿವೆಯ ಚಿಪ್ಪಿನ ಹುಡಿಯೂ ಆಗುತ್ತದೆ.

ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಬೇಡಿ. ಅದೇ ಚಿಪ್ಪನ್ನು ಸುಟ್ಟು ಮಾಡಿದ ಸುಣ್ಣ, ಎಲೆಗೆ ಹಚ್ಚುವುದಿರಲಿ ಗೋಡೆಗೆ ಬಳಿಯುವುದಿರಲಿ, ಕ್ಯಾಲ್ಸಿಯಂ ಕಾರ್ಬೊನೇಟ್ ಅಲ್ಲ. ಅದು ಸುಡುವ ಕ್ಷಾರ. ಕಪ್ಪೆಯ ಚರ್ಮ ಒದ್ದೆ, ತೆಳು, ಅದರ ಮೂಲಕವೇ ಅದು ನೀರು ಕುಡಿಯುತ್ತದೆ, ಉಸಿರಾಟದ ಒಂದು ಪಾಲನ್ನೂ ನಡೆಸುತ್ತದೆ. ಸುಣ್ಣ ತಾಗಿದ ಹುಳು ಅದರ ಬಾಯಿಗೂ ಚರ್ಮಕ್ಕೂ ಬೆಂಕಿ.

ಕ್ಯಾಲ್ಸಿಯಂನಷ್ಟೇ ಮುಖ್ಯ ವಿಟಮಿನ್ ಎ. ಅಮೆರಿಕದಲ್ಲಿ ಅಳಿವಿನಂಚಿಗೆ ಬಂದ ವಯೊಮಿಂಗ್ ನೆಲಗಪ್ಪೆಯನ್ನು ಬಂಧನದಲ್ಲಿ ಬೆಳೆಸುವಾಗ ಕಪ್ಪೆಗಳು ಹುಳುವಿಗೆ ನಾಲಗೆ ಚಾಚಿಯೂ ಹಿಡಿಯಲಾರದೆ ಸೊರಗುತ್ತಿದ್ದವು. ನಾಲಗೆಯ ಅಂಟು ಒಸರುವ ಗ್ರಂಥಿಗಳು ಕೆಟ್ಟಿದ್ದವು, ಕಾರಣ ವಿಟಮಿನ್ ಎ ಕೊರತೆ. ಚಿಮ್ಮಂಡೆಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಕ್ಯಾರೆಟ್ಟಿನ ಕೆರೊಟಿನಾಯ್ಡನ್ನು ವಿಟಮಿನ್ನಾಗಿ ಬದಲಿಸಿಕೊಳ್ಳುವ ಶಕ್ತಿ ಹಲವು ಕಪ್ಪೆಗಳಿಗೆ ಸಾಲದು. ಆದ್ದರಿಂದ ವಾರಕ್ಕೋ ಎರಡು ವಾರಕ್ಕೋ ಒಮ್ಮೆ ವಿಟಮಿನ್ ಹುಡಿ ಲೇಪಿಸಿ ಕೊಡುವುದು ಅಗತ್ಯ. ಕಪ್ಪೆ ಏನು ತಿನ್ನುತ್ತದೆಯೋ ಅದೇ ಆಗುತ್ತದೆ ಎಂಬುದಕ್ಕೆ ದಕ್ಷಿಣ ಅಮೆರಿಕದ ವಿಷಗಪ್ಪೆಗಳು ಸಾಕ್ಷಿ. ಕಾಡಿನಲ್ಲಿ ಇರುವೆ, ನುಸಿ ತಿಂದು ಚರ್ಮದಲ್ಲಿ ವಿಷ ತುಂಬಿಕೊಳ್ಳುವ ಅವು ಬಂಧನದಲ್ಲಿ ಚಿಮ್ಮಂಡೆ ಮರಿ, ಹಣ್ಣುನೊಣ ತಿಂದು ಬೆಳೆದರೆ ವಿಷವೇ ಇಲ್ಲದ ಕಪ್ಪೆಗಳಾಗುತ್ತವೆ.

ಉಣಿಸುವ ಅಳತೆ ಸರಳ. ಕಪ್ಪೆಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ಹುಳು ಉದ್ದವಿರಬಾರದು. ಮರಿಗಪ್ಪೆಗೆ ದಿನವೂ, ಬೆಳೆದದ್ದಕ್ಕೆ ವಾರಕ್ಕೆ ಎರಡು ಮೂರು ಸಲ, ಕತ್ತಲಾದ ಮೇಲೆ. ನುಂಗುವಾಗ ಅದು ಕಣ್ಣು ಮುಚ್ಚಿ ಗುಡ್ಡೆಯನ್ನು ಒಳಕ್ಕೆಳೆದುಕೊಳ್ಳುವುದನ್ನು ಗಮನಿಸಿ. ಆ ಗುಡ್ಡೆಗಳೇ ಬಾಯಿಯ ಮೇಲ್ಛಾವಣಿಯಿಂದ ಹುಳುವನ್ನು ಗಂಟಲಿಗೆ ತಳ್ಳಲು ನೆರವಾಗುತ್ತವೆ. ಕಾಲು ಗಂಟೆಯ ನಂತರ ಉಳಿದ ಹುಳುಗಳನ್ನು ಹೆಕ್ಕಿ ತೆಗೆಯಬೇಕು. ಬಿಟ್ಟರೆ ಹಸಿದ ಚಿಮ್ಮಂಡೆಗಳು ರಾತ್ರಿ ಕಪ್ಪೆಯ ಮೆತ್ತನೆಯ ಚರ್ಮವನ್ನೇ ಕಚ್ಚಿ ಗಾಯ ಮಾಡುತ್ತವೆ. ಮನೆಯಲ್ಲಿ ಶೆಟ್ಲಿ, ಏಡಿ ತಿಂದರೆ ಮೈ ತುರಿಸುವವರಿದ್ದರೆ ಡಬ್ಬಿ ಗುಡಿಸುವ ಕೆಲಸ ಅವರಿಗೆ ಬೇಡ. ಆ ಅಲರ್ಜಿ ತರುವ ಪ್ರೋಟೀನ್ ಚಿಮ್ಮಂಡೆಯಲ್ಲೂ ಇದೆ.

ರಾತ್ರಿಯ ಸದ್ದಿನ ಬಗ್ಗೆ ದೂರುವವರಿಗೆ ಒಂದು ಮಾತು. ಹಾಡುವುದು ಗಂಡು ಮಾತ್ರ, ಮುಂದಿನ ರೆಕ್ಕೆಗಳನ್ನು ಒಂದಕ್ಕೊಂದು ಉಜ್ಜಿ. ಕೇಳುವ ಕಿವಿ ಇರುವುದು ಮುಂಗಾಲಿನಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೋಹಿಣಿ ಬಾಲಕೃಷ್ಣನ್ ಅವರ ತಂಡ ಈ ಹಾಡುಗಳನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದೆ. ಅವರು 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಮರ ಚಿಮ್ಮಂಡೆಯ ಒಂದು ಜಾತಿಯ ಕುರಿತದ್ದು. ಮೈ ಸಣ್ಣಗಿದ್ದು ದನಿ ಕ್ಷೀಣವಾದ ಗಂಡುಗಳು ಎಲೆಯ ನಡುವೆ ತೂತು ಕೊರೆದು, ಅದರಲ್ಲಿ ಮೈ ತೂರಿಸಿ ಹಾಡುತ್ತವೆ. ಎಲೆ ದನಿಯನ್ನು ಎತ್ತರಿಸುತ್ತದೆ, ಹೆಣ್ಣುಗಳು ಹೆಚ್ಚು ಬರುತ್ತವೆ. ಉಪಕರಣ ಮಾಡಿಕೊಳ್ಳುವ ಹುಳುವನ್ನು ಬರಿಯ ಮೇವು ಎಂದು ಕಾಣಲು ನನಗಂತೂ ಮನಸ್ಸು ಬರುವುದಿಲ್ಲ. ಕಪ್ಪೆಗೆ ಕೊಡುವ ಹುಳುವಿಗೂ ಅದು ಬದುಕಿರುವಷ್ಟು ದಿನ ಒಣ ಮನೆ, ಹೊಟ್ಟೆ ತುಂಬ ಅನ್ನ, ಕುಡಿಯಲು ತೇವ ಸಿಗಬೇಕು.

ಗದ್ದೆಯದು ಗದ್ದೆಗೆ

ಇಷ್ಟೆಲ್ಲ ಯಾಕೆ, ಗದ್ದೆಯ ಬದುವಿನಲ್ಲಿ ಬೇಕಾದಷ್ಟು ಮಿಡತೆ, ಚಿಮ್ಮಂಡೆ ಇವೆಯಲ್ಲ ಎಂದು ಕೇಳುವವರಿದ್ದಾರೆ. ಅವುಗಳ ಮೈಮೇಲೆ ಕೀಟನಾಶಕ ಇರಬಹುದು ಎಂಬುದು ಒಂದು ಉತ್ತರ. ಅವು ಆಗಲೇ ಬೇರೆ ಕಪ್ಪೆಗಳ ಅನ್ನ ಎಂಬುದು ಇನ್ನೂ ದೊಡ್ಡ ಉತ್ತರ. ಭಾರತ ಒಂದು ಕಾಲದಲ್ಲಿ ಕಪ್ಪೆಕಾಲನ್ನು ಹಡಗು ತುಂಬಿ ಹೊರದೇಶಕ್ಕೆ ಕಳಿಸುತ್ತಿತ್ತು. 1987ರಲ್ಲಿ ಆ ರಫ್ತು ನಿಷೇಧವಾಯಿತು. ಗದ್ದೆಗಳಲ್ಲಿ ಕಪ್ಪೆ ಕಡಿಮೆಯಾಗಿ ಕೀಟ ಹೆಚ್ಚುತ್ತಿದೆ ಎಂಬ ಆತಂಕ ಅದಕ್ಕೆ ಒಂದು ಕಾರಣವಾಗಿತ್ತು. ಪಕ್ಕದ ಗೋವಾದಲ್ಲಿ ಈಗಲೂ ಮಳೆಗಾಲ ಬಂತೆಂದರೆ ‘ಜಂಪಿಂಗ್ ಚಿಕನ್’ ಹೆಸರಿನಲ್ಲಿ ಗೂಳಿಗಪ್ಪೆ ಹಿಡಿಯುವವರ ಬೆನ್ನುಹತ್ತಿ ಅರಣ್ಯ ಇಲಾಖೆ ರಾತ್ರಿ ಗಸ್ತು ತಿರುಗಬೇಕಾಗಿದೆ.

ನಮ್ಮ ಬೆನ್ನಿಗಿರುವ ಕಾಡಿನ ಬೆಲೆ ಇಲ್ಲಿಯವರಿಗೇ ಪೂರ್ತಿ ಗೊತ್ತಿಲ್ಲ. ಹೊನ್ನಾವರದಿಂದ ಜೋಗದ ಕಡೆ ಘಟ್ಟ ಹತ್ತಿದರೆ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ಸಿಗುತ್ತದೆ. ಕಾಡುಜಾಯಿಕಾಯಿ ಮರಗಳು ನೀರಿನಲ್ಲಿ ಬೇರು ಎತ್ತಿ ನಿಂತಿರುವ ಪ್ರಾಚೀನ ಜೌಗು ಅದು. ಅಲ್ಲಿಯ ತೊರೆಗಳಲ್ಲಿ ಕಂಡ ಕುಂಬಾರ ಕಪ್ಪೆಯನ್ನು 2014ರಲ್ಲಿ ಕೆ.ವಿ. ಗುರುರಾಜ ಮತ್ತು ಸಂಗಡಿಗರು ವಿಜ್ಞಾನಕ್ಕೆ ಹೊಸದೆಂದು ಪರಿಚಯಿಸಿದರು. ಹೆಣ್ಣು ನೀರಿನ ಮೇಲಿನ ಕಡ್ಡಿಗೋ ಕಲ್ಲಿಗೋ ಮೊಟ್ಟೆ ಅಂಟಿಸುತ್ತದೆ. ಗಂಡು ತೊರೆಯ ತಳದಿಂದ ಮುಂಗೈಯಲ್ಲಿ ಕೆಸರೆತ್ತಿ ತಂದು, ಹಿಂಗಾಲ ಮೇಲೆ ನಿಂತು, ಮೊಟ್ಟೆಯ ಸುತ್ತ ಮೆತ್ತುತ್ತದೆ. ಬಯಲಿಗಿಳಿದರೆ ಕರಾವಳಿಯ ಹೆಸರನ್ನೇ ಹೊತ್ತ ಇನ್ನೊಂದು ಕಪ್ಪೆ ಇದೆ, 2016ರಲ್ಲಿ ವರ್ಣನೆಯಾದದ್ದು. ಅದರ ಕೂಗು ಮಿಂಚುಳ್ಳಿಯ ಕೂಗನ್ನು ಹೋಲುತ್ತದೆ. ಕುಮಟಾದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಷೇತ್ರ ಕೇಂದ್ರ ನಡೆದು, 1980ರ ದಶಕದಿಂದ ಈ ಜಿಲ್ಲೆಯ ಜೀವರಾಶಿಯ ಲೆಕ್ಕ ಹಿಡಿದ ನಂತರವೂ ಹೊಸ ಕಪ್ಪೆಗಳು ಸಿಗುತ್ತಲೇ ಇವೆ.

ಇವುಗಳ ನಡುವೆ ನಾವು ಪರದೇಶದ ಕಪ್ಪೆ ಇಟ್ಟುಕೊಳ್ಳುತ್ತಿದ್ದೇವೆ ಎಂಬ ಎಚ್ಚರ ಇರಬೇಕು. 1990ರ ದಶಕದ ಕೊನೆಯಲ್ಲಿ ಗುರುತಿಸಿದ ಕೈಟ್ರಿಡ್ ಎಂಬ ಶಿಲೀಂಧ್ರ ಕಪ್ಪೆಯ ಚರ್ಮಕ್ಕೆ ತಗಲುತ್ತದೆ. 2019ರಲ್ಲಿ ಪ್ರಕಟವಾದ ಜಾಗತಿಕ ಸಮೀಕ್ಷೆಯ ಪ್ರಕಾರ ಅದರಿಂದ ಕನಿಷ್ಠ 501 ಜಾತಿಯ ಉಭಯವಾಸಿಗಳು ಇಳಿಮುಖವಾಗಿವೆ, 90 ಜಾತಿಗಳು ಅಳಿದಿರಬಹುದು. ಅದು ದೇಶದೇಶಕ್ಕೆ ಹರಡಲು ಕಪ್ಪೆಗಳ ವ್ಯಾಪಾರವೇ ಮುಖ್ಯ ದಾರಿಗಳಲ್ಲೊಂದು. ಕಪ್ಪೆ ಬೇಸರವಾಯಿತೆಂದು ಹಳ್ಳಕ್ಕೆ ಬಿಡುವುದು ದಯೆಯಲ್ಲ, ಅನಾಹುತ. ನಮ್ಮದೇ ಗೂಳಿಗಪ್ಪೆಯನ್ನು ಅಂಡಮಾನಿಗೆ ಒಯ್ದವರಿಂದ ಏನಾಯಿತೆಂದು ನೋಡಿದರೆ ಸಾಕು: ಅಲ್ಲಿ ಅದರ ಗೊದಮೊಟ್ಟೆಗಳು ದ್ವೀಪದ ಕಪ್ಪೆಗಳ ಗೊದಮೊಟ್ಟೆಗಳನ್ನು ತಿಂದು ಹಾಕುತ್ತಿವೆ. ಕಪ್ಪೆಯ ಪೆಟ್ಟಿಗೆ ತೊಳೆದ ನೀರನ್ನೂ ತೋಟದ ಕಾದಿಗೆಗೆ ಚೆಲ್ಲದೆ, ಬ್ಲೀಚಿಂಗ್ ಪುಡಿ ಹಾಕಿಟ್ಟು, ಹಳ್ಳ-ಬಾವಿಯಿಂದ ದೂರದ ಶೌಚಗುಂಡಿಗೆ ಹೋಗುವಂತೆ ಮಾಡಬೇಕು.

ಕಪ್ಪೆ ಬೇಕೆಂದು ಮನಸ್ಸು ಮಾಡಿದವರಲ್ಲಿ, ವಿಶೇಷವಾಗಿ ಮಕ್ಕಳ ಹಟಕ್ಕೆ ಮಣಿಯಲಿರುವ ತಂದೆತಾಯಿಯರಲ್ಲಿ, ನನ್ನ ಕೇಳಿಕೆ ಇಷ್ಟು. ಮೊದಲು ಚಿಮ್ಮಂಡೆಯ ಎರಡು ಡಬ್ಬಿ ಇಡಿ. ಏಪ್ರಿಲ್‌ನಲ್ಲಿ ಶುರು ಮಾಡಿ, ಜೂನ್, ಜುಲೈ, ಆಗಸ್ಟ್ ದಾಟಿಸಿ. ಸೆಪ್ಟೆಂಬರಿನಲ್ಲಿ ಡಬ್ಬಿಯಲ್ಲಿ ಗಂಡುಗಳು ಹಾಡುತ್ತಿದ್ದರೆ, ಮರಿಗಳು ಎಲ್ಲ ಅಳತೆಯಲ್ಲೂ ಸಿಗುತ್ತಿದ್ದರೆ, ದಾಖಲೆ ಸರಿಯಿರುವ ಕಪ್ಪೆಯನ್ನು ತನ್ನಿ. ಡಬ್ಬಿಗೆ ಬೂಷ್ಟು ಹಿಡಿದು ಎಲ್ಲವೂ ಸತ್ತಿದ್ದರೆ ಕಪ್ಪೆ ತರುವುದನ್ನು ಇನ್ನೊಂದು ವರ್ಷಕ್ಕೆ ಮುಂದೂಡಿ.